ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಹುಡುಗಿಯ ಮುಖವೇ ಬೇರೆಯಾಗುತ್ತದೆ: ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಲು ಕಲಿಯುವುದು ಹೇಗೆ?

ಪ್ರಶ್ನೆ: ಸಂತೆಕೋಳಿ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಸಹಕಾರಿ ಸಂಘವೊಂದರ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ, ವಯಸ್ಸು 38. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದ್ದನ್ನು ಬಿಟ್ಟರೆ ಚಿತ್ರಕಲೆಯಲ್ಲಿ ಬೇರೆ ಶಿಕ್ಷಣ ನನಗಿಲ್ಲ. ಮಗನಿಗೆ ರಾತ್ರಿ ಮಲಗುವಾಗ ಹೇಳುತ್ತಿದ್ದ ಕಥೆಯೊಂದನ್ನು ಚಿತ್ರಪುಸ್ತಕವಾಗಿ ಮಾಡಬೇಕೆಂದು ಆರು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಕಥೆ ಸಣ್ಣದು, ಇನ್ನೂರು ಪದಗಳೊಳಗೆ ಮುಗಿಯುತ್ತದೆ: ಗಂಗವ್ವ ಎಂಬ ಆರು ವರ್ಷದ ಹುಡುಗಿ ಅಜ್ಜಿಯ ಜೊತೆ ಕೋಳಿ ಮಾರಲು ಸಂತೆಗೆ ಹೋಗುತ್ತಾಳೆ, ಮಾರಲು ಅವಳಿಗೆ ಮನಸ್ಸಿಲ್ಲ, ಆದ್ದರಿಂದ ಕೊಳ್ಳಲು ಬಂದವರ ಕಿವಿಯಲ್ಲಿ ಕೋಳಿಯ ಬಗ್ಗೆ ಒಂದೊಂದು ಹೊಸ ದೂರು ಹೇಳಿ ಕಳಿಸುತ್ತಾಳೆ.

ಒಂದೇ ಚಿತ್ರವನ್ನು ನಿಧಾನವಾಗಿ ಕುಳಿತು ಬರೆದರೆ ನೋಡುವಂತೆಯೇ ಬರುತ್ತದೆ. ಆದರೆ ಎರಡನೆಯ ಪುಟದಲ್ಲಿ ಗಂಗವ್ವನ ಗದ್ದ ಉದ್ದವಾಗುತ್ತದೆ, ಮೂರನೆಯ ಪುಟದಲ್ಲಿ ಅವಳಿಗೆ ಹದಿನೈದು ವರ್ಷವಾದಂತೆ ಕಾಣುತ್ತದೆ, ಐದನೆಯ ಪುಟದಲ್ಲಿ ಅಜ್ಜಿ ಮೊಮ್ಮಗಳು ಅಕ್ಕತಂಗಿಯರಾಗಿರುತ್ತಾರೆ. ಮೊನ್ನೆ ಮಗನಿಗೆ ತೋರಿಸಿದಾಗ ಅವನು ಮೂರನೆಯ ಪುಟದ ಮೇಲೆ ಬೆರಳಿಟ್ಟು "ಇವಳು ಯಾರು?" ಎಂದು ಕೇಳಿದ. ಸಾಲದ್ದಕ್ಕೆ ನನ್ನ ಪಾತ್ರಗಳೆಲ್ಲ ಆಧಾರ್ ಕಾರ್ಡಿನ ಫೋಟೋಕ್ಕೆ ನಿಂತವರ ಹಾಗೆ ಎದುರಿಗೇ ನೋಡುತ್ತ, ಕೈ ಇಳಿಬಿಟ್ಟುಕೊಂಡು ನಿಂತಿರುತ್ತವೆ. ಡ್ರಾಯಿಂಗ್ ಬುಕ್ಕಿನ ಹಾಳೆಗೆ ಜಲವರ್ಣ ತಾಗಿಸಿದರೆ ಅದು ಹಪ್ಪಳದಂತೆ ಸುರುಟಿಕೊಳ್ಳುತ್ತದೆ.

ಈ ವಯಸ್ಸಿನಲ್ಲಿ ನೌಕರಿ ಬಿಟ್ಟು ಕಲಾಶಾಲೆಗೆ ಸೇರಲು ನನಗೆ ಸಾಧ್ಯವಿಲ್ಲ. ಮನೆಯಲ್ಲಿಯೇ, ದಿನಕ್ಕೆ ಒಂದು ಗಂಟೆಯಂತೆ ಅಭ್ಯಾಸ ಮಾಡಿ ಇದನ್ನು ಕಲಿಯಬಹುದೇ? ಕಲಿಯುವುದಾದರೆ ಯಾವುದರಿಂದ ಆರಂಭಿಸಬೇಕು? ಟ್ಯಾಬ್ಲೆಟ್ ಕೊಳ್ಳುವುದು ಒಳ್ಳೆಯದೋ, ಕಾಗದವೇ ಸಾಕೋ?

ಉತ್ತರ: ಬಿದಿರುಗೆರೆ

ನಮಸ್ಕಾರ ಮೇಡಂ. ನಾನು ಬೆಂಗಳೂರಿನಲ್ಲಿದ್ದು ಹದಿನಾಲ್ಕು ವರ್ಷಗಳಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೇನೆ. ನಿಮ್ಮ ಮಗ ಕೇಳಿದ ಪ್ರಶ್ನೆಯನ್ನು ನನ್ನ ಮೊದಲ ಸಂಪಾದಕರೂ ನನಗೆ ಕೇಳಿದ್ದರು, ಸ್ವಲ್ಪ ಕಟುವಾಗಿ. ಕಲಾಶಾಲೆಗೆ ಹೋದವರಿಗೂ ಈ ತೊಂದರೆ ತಪ್ಪಿದ್ದಲ್ಲ, ಏಕೆಂದರೆ ಅಲ್ಲಿ ಕಲಿಸುವುದು ಹೆಚ್ಚಾಗಿ ಒಂದು ಚಿತ್ರವನ್ನು ಪೂರ್ಣಗೊಳಿಸುವುದನ್ನು. ಒಬ್ಬಳೇ ಹುಡುಗಿಯನ್ನು ಇಪ್ಪತ್ತು ಸಲ ಇಪ್ಪತ್ತು ಭಂಗಿಗಳಲ್ಲಿ ಬರೆಯುವುದು ಬೇರೆಯದೇ ಆದ ಕಸುಬು.

ಗಂಗವ್ವನನ್ನು ಮುಖದಿಂದ ಆರಂಭಿಸಬೇಡಿ. ಮೊದಲು ಅವಳ ಆಕಾರವನ್ನು ಗೊತ್ತು ಮಾಡಿಕೊಳ್ಳಿ. ಅವಳು ಇಡಿಯಾಗಿ ಗುಡಿಯ ಗಂಟೆಯಂತೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುತ್ತಾಳೋ, ಬದನೆಕಾಯಿಯಂತಿರುತ್ತಾಳೋ? ಅಜ್ಜಿ ಬಾಗಿದ ಕೊಕ್ಕೆಯಂತೆಯೋ, ಮಡಚಿಟ್ಟ ಕೊಡೆಯಂತೆಯೋ? ಇಬ್ಬರನ್ನೂ ಪೂರ್ತಿ ಕಪ್ಪು ಮಸಿಯಿಂದ ತುಂಬಿದರೂ ಯಾರು ಯಾರೆಂದು ಗೊತ್ತಾಗಬೇಕು. ಹಾಗೆ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಮಕ್ಕಳು ಪಾತ್ರವನ್ನು ಗುರುತಿಸುವುದು ಮೂಗಿನ ಗೆರೆಯಿಂದಲ್ಲ. ಎರಡು ಜಡೆಯ ಒಂದು ಟೇಪು ಬಿಚ್ಚಿ ಜೋತುಬಿದ್ದಿದೆ, ಲಂಗ ಒಂದು ಬದಿ ಮೇಲೆ ಸಿಕ್ಕಿಸಿದೆ ಎಂಬಂಥ ಒಂದೆರಡು ಗುರುತುಗಳಿಂದ.

ಪ್ರಮಾಣದ ವಿಷಯ ಹೇಳುವುದಾದರೆ, ಗಂಗವ್ವ ಬೇಗ ದೊಡ್ಡವಳಾಗಿ ಕಾಣುತ್ತಿರುವುದಕ್ಕೆ ಎರಡು ಕಾರಣಗಳಿರುತ್ತವೆ. ಬೆಳೆದ ಮನುಷ್ಯನ ಎತ್ತರ ಅವನ ತಲೆಯ ಏಳರಿಂದ ಏಳೂವರೆ ಪಟ್ಟು. ಆರು ವರ್ಷದ ಮಗುವಿನದು ಸುಮಾರು ಐದೂವರೆ ಪಟ್ಟು. ಚಿತ್ರಪುಸ್ತಕಗಳಲ್ಲಿ ನಾವು ಅದನ್ನು ನಾಲ್ಕಕ್ಕೂ ಮೂರೂವರೆಗೂ ಇಳಿಸುವುದುಂಟು. ಎರಡನೆಯದು ಕಣ್ಣಿನ ಸ್ಥಾನ. ದೊಡ್ಡವರ ಕಣ್ಣುಗಳು ತಲೆಯ ಎತ್ತರದ ಸರಿಯಾಗಿ ನಡುವೆ ಬರುತ್ತವೆ, ಮಕ್ಕಳ ಕಣ್ಣು ಆ ನಡುಗೆರೆಗಿಂತ ಕೆಳಗಿರುತ್ತವೆ ಮತ್ತು ಹಣೆ ವಿಶಾಲವಾಗಿರುತ್ತದೆ. ಕಣ್ಣನ್ನು ಒಂದು ಎಳ್ಳಿನಷ್ಟು ಮೇಲೆ ಸರಿಸಿ ನೋಡಿ, ಹುಡುಗಿಗೆ ತಕ್ಷಣ ಐದು ವರ್ಷ ಹೆಚ್ಚಾಗುತ್ತದೆ.

ಇದಾದ ಮೇಲೆ ಒಂದು ದೊಡ್ಡ ಹಾಳೆಯಲ್ಲಿ ಅವಳ ಮಾದರಿಯನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ: ಎದುರಿನಿಂದ, ಪಕ್ಕದಿಂದ, ಬೆನ್ನಿನಿಂದ, ಕುಕ್ಕರುಗಾಲಿನಲ್ಲಿ ಕುಳಿತಂತೆ, ಓಡುತ್ತಿರುವಂತೆ, ಅಜ್ಜಿಯ ಸೆರಗಿನ ಹಿಂದೆ ಅಡಗಿದಂತೆ. ಅಜ್ಜಿ, ಕೋಳಿ, ಬುಟ್ಟಿಗಳನ್ನೂ ಅದೇ ಹಾಳೆಯಲ್ಲಿ ಅಕ್ಕಪಕ್ಕ ಇಡಿ. ಅಜ್ಜಿಗೆ ಇಳಕಲ್ ಸೀರೆ ಉಡಿಸುವ ಆಸೆ ನಿಮಗಿರಬಹುದು. ಆದರೆ ಅಂಚಿನಲ್ಲಿ ನೀವು ಬರೆಯುವ ಒಂದೊಂದು ಎಳೆಯನ್ನೂ ಮುಂದಿನ ಎಲ್ಲ ಪುಟಗಳಲ್ಲಿ ಮತ್ತೆ ಮತ್ತೆ ಬರೆಯಬೇಕಾಗುತ್ತದೆಂಬುದು ನೆನಪಿರಲಿ. ಕೆಂಪು ಸೆರಗು, ಕಪ್ಪು ಒಡಲು, ಒಂದು ದಪ್ಪ ಅಂಚು ಇಷ್ಟಿದ್ದರೆ ಹಾವೇರಿಯ ಓದುಗರಿಗೆ ಅದು ಇಳಕಲ್ಲೇ.

ಬಣ್ಣ ಮುಟ್ಟುವ ಮುನ್ನ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ ಮಾಡಿ. ಎಂಟು ಎ4 ಹಾಳೆಗಳನ್ನು ನಡುವೆ ಮಡಚಿ ಒಂದರೊಳಗೊಂದು ಸೇರಿಸಿದರೆ 32 ಪುಟಗಳಾಗುತ್ತವೆ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದಾಗ ಪುಟಗಳು ಎಂಟು, ಹದಿನಾರರ ಲೆಕ್ಕದಲ್ಲಿ ಬರುವುದರಿಂದ ಚಿತ್ರಪುಸ್ತಕಗಳು ಹೆಚ್ಚಾಗಿ 16, 24, 32 ಪುಟಗಳಲ್ಲಿಯೇ ಇರುತ್ತವೆ. ನಿಮ್ಮ ಕಥೆಗೆ 16 ಅಥವಾ 24 ಸಾಕು. ಶೀರ್ಷಿಕೆಗೂ ಪ್ರಕಾಶನದ ವಿವರಗಳಿಗೂ ಒಂದೆರಡು ಪುಟ ಬಿಟ್ಟು ಉಳಿದವುಗಳಲ್ಲಿ ಪೆನ್ಸಿಲಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಚಿತ್ರಗಳನ್ನು ಗೀಚಿ, ಮಾತುಗಳನ್ನು ಕತ್ತರಿಸಿ ಅಂಟಿಸಿ, ಪುಟ ಮಗುಚುತ್ತ ಗಟ್ಟಿಯಾಗಿ ಓದಿ. ಕೊಳ್ಳುವವನು ಕೋಳಿಯ ಕಾಲು ಹಿಡಿದು ಎತ್ತಿ ತೂಗಿ ನೋಡುವುದು ಬಲಪುಟದ ಕೊನೆಯಲ್ಲಿದ್ದರೆ, ಗಂಗವ್ವ ಹೇಳಿದ ದೂರು ಪುಟ ತಿರುಗಿಸಿದ ಮೇಲೆಯೇ ಗೊತ್ತಾಗಬೇಕು. ಈ ತಿರುವನ್ನು ಸರಿಯಾದ ಜಾಗದಲ್ಲಿ ಇಡಲು ಕಲಿತವರಿಗೆ ಚಿತ್ರ ಸ್ವಲ್ಪ ಸೊಟ್ಟಗಿದ್ದರೂ ಮಕ್ಕಳು ಕ್ಷಮಿಸುತ್ತಾರೆ.

ಇನ್ನೊಂದು ಮಾತು. "ಗಂಗವ್ವ ಅಳುಮುಖ ಮಾಡಿಕೊಂಡಳು" ಎಂದು ಬರಹದಲ್ಲಿ ಇದ್ದರೆ ಅಳುಮುಖವನ್ನೇ ಮತ್ತೆ ಬರೆದು ಜಾಗ ಹಾಳು ಮಾಡಬೇಡಿ. ಆ ಹೊತ್ತಿಗೆ ಕೋಳಿ ಏನು ಮಾಡುತ್ತಿತ್ತು ಎಂಬುದನ್ನು ತೋರಿಸಿ. ಕೋಳಿಯ ಕಥೆಯನ್ನು ಬರಹ ಹೇಳುತ್ತಿಲ್ಲ, ಅದನ್ನು ಹೇಳುವ ಅಧಿಕಾರ ನಿಮ್ಮದು.

ಟ್ಯಾಬ್ಲೆಟ್ ಈಗಲೇ ಬೇಡ. ಮುಂದೆ ಬೇಕೆನಿಸಿದರೆ ಮನೆಯ ಕಂಪ್ಯೂಟರಿನಲ್ಲಿ ಕ್ರಿತಾ ಎಂಬ ಉಚಿತ ತಂತ್ರಾಂಶ ನಡೆಯುತ್ತದೆ, ಅದಕ್ಕೊಂದು ಚಿಕ್ಕ ಪೆನ್ ಟ್ಯಾಬ್ಲೆಟ್ ಸಾಕಾಗುತ್ತದೆ. ಜಲವರ್ಣಕ್ಕೆ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವನ್ನು ಬಳಸಿ, ನಾಲ್ಕೂ ಅಂಚುಗಳನ್ನು ಹಲಗೆಗೆ ಟೇಪಿನಿಂದ ಅಂಟಿಸಿಕೊಂಡು ಬರೆಯಿರಿ, ಪೂರ್ತಿ ಒಣಗುವ ತನಕ ಕೀಳಬೇಡಿ.

ಉತ್ತರ: ನಿವೃತ್ತ ಡ್ರಾಯಿಂಗ್ ಮಾಸ್ತರ, ಧಾರವಾಡ

ತಂಗಿ, ಮೇಲಿನವರು ಹೇಳಿದ್ದು ಕಸುಬಿನವರ ಮಾತು, ಅದರಲ್ಲಿ ತಪ್ಪಿಲ್ಲ. ಆದರೆ ತಲೆಯ ಲೆಕ್ಕ, ಬದನೆಕಾಯಿಯ ಆಕಾರ ಇವುಗಳನ್ನು ಮೊದಲೇ ಹಿಡಿದುಕೊಂಡರೆ ಗಂಗವ್ವ ಒಂದು ಗೊಂಬೆಯಾಗಿ ಉಳಿಯುತ್ತಾಳೆಂಬ ಭಯ ನನ್ನದು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚಿತ್ರ ಕಲಿಸಿದವನಾಗಿ ಹೇಳುತ್ತೇನೆ, ಲೋಯರ್ ಗ್ರೇಡಿನ ಪರೀಕ್ಷೆಯಲ್ಲಿ ಮಕ್ಕಳು ಎಲ್ಲಕ್ಕಿಂತ ಹೆಚ್ಚಾಗಿ ಅಂಜುತ್ತಿದ್ದುದು ನೆನಪಿನ ಚಿತ್ರಕ್ಕೆ. "ಸಂತೆಯ ದೃಶ್ಯ" ಎಂದು ಪ್ರಶ್ನೆ ಬಂದರೆ ಎಲ್ಲರೂ ಗೈಡಿನಲ್ಲಿ ನೋಡಿದ ಅದೇ ಕೊಡೆ, ಅದೇ ತಕ್ಕಡಿ, ಅದೇ ತೆಂಗಿನ ಮರವನ್ನು ತೆಗೆದು ಬರುತ್ತಿದ್ದರು. ಕಣ್ಣಾರೆ ಕಂಡದ್ದನ್ನು ತೆಗೆದ ಹುಡುಗರು ವರ್ಷಕ್ಕೆ ಒಬ್ಬಿಬ್ಬರು ಸಿಕ್ಕರೆ ಹೆಚ್ಚು.

ನಿಮ್ಮ ಊರಿನ ಸಂತೆ ವಾರಕ್ಕೊಮ್ಮೆ ತಾನಾಗಿಯೇ ನಿಮ್ಮ ಮನೆಯ ಬಳಿ ಬರುತ್ತದೆ. ಒಂದು ಇನ್ನೂರು ಪುಟದ ಗೆರೆಯಿಲ್ಲದ ನೋಟುಬುಕ್ಕು ಮತ್ತು ಒಂದು ಬಾಲ್‌ಪೆನ್ನು ಹಿಡಿದು ಹೋಗಿ ಕೂಡ್ರಿರಿ. ಪೆನ್ಸಿಲ್ ಬೇಡ, ಅಳಿಸುವ ಚಟ ಹತ್ತುತ್ತದೆ. ಕೋಳಿಯವರ ಸಾಲಿನಲ್ಲಿ ಕುಳಿತು ಮೊದಲ ವಾರ ಬರೀ ಕೋಳಿಯ ಕಾಲುಗಳನ್ನು ತೆಗೆಯಿರಿ. ಮುಂದೆ ಮೂರು ಬೆರಳು, ಹಿಂದೆ ಒಂದು. ಅದು ನಡೆಯುವಾಗ ಎತ್ತಿದ ಕಾಲಿನ ಬೆರಳುಗಳು ಮುಷ್ಟಿಯ ಹಾಗೆ ಒಳಗೆ ಮುದುಡಿಕೊಳ್ಳುತ್ತವೆ, ನೆಲಕ್ಕೆ ಊರಿದಾಗ ಬಿಚ್ಚಿಕೊಳ್ಳುತ್ತವೆ. ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದುಕೊಂಡು ಹೊರಟಾಗ ಅದು ಕೊರಳನ್ನು ಮೇಲಕ್ಕೆ ಡೊಂಕು ಮಾಡಿ ಲೋಕವನ್ನು ನೆಟ್ಟಗೆ ನೋಡಲು ಹವಣಿಸುತ್ತದೆ. ಆ ಡೊಂಕು ಯಾವ ಪುಸ್ತಕದಲ್ಲಿಯೂ ನಿಮಗೆ ಸಿಗಲಾರದು. ಎರಡನೆಯ ವಾರ ಕುಳಿತ ಹೆಂಗಸರ ಬೆನ್ನುಗಳು, ಮೂರನೆಯ ವಾರ ಚೌಕಾಸಿ ಮಾಡುವವರ ಕೈಗಳು. ಪಾತ್ರಗಳು ಎದುರಿಗೇ ನಿಲ್ಲುತ್ತವೆ ಎಂದು ಬರೆದಿದ್ದೀರಿ. ಸಂತೆಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ, ಆದ್ದರಿಂದ ಆ ರೋಗಕ್ಕೆ ಅಲ್ಲಿಯೇ ಮದ್ದು ಇದೆ.

ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪ್ರವೇಶ ಸಿಗಲಿಲ್ಲ. ಮೈಸೂರಿನ ಬಾಲ್ಯದಿಂದ ಅವರು ಕಾಗೆಗಳನ್ನು ನೋಡಿ ನೋಡಿ ತೆಗೆದವರು, ಕೊನೆಯವರೆಗೂ ತೆಗೆಯುತ್ತಲೇ ಇದ್ದರು. ಕಲಾಶಾಲೆಯ ಚಿಂತೆಯನ್ನು ಬಿಡಿರಿ.

ಗಾತ್ರದ ಬಗ್ಗೆ ನಮ್ಮ ತೊಗಲುಗೊಂಬೆಯವರಿಂದ ಒಂದು ಪಾಠವಿದೆ. ಅವರಲ್ಲಿ ರಾಜ ಮತ್ತು ದೇವರ ಗೊಂಬೆಗಳು ದೊಡ್ಡವು, ಸೇವಕರ ಗೊಂಬೆಗಳು ಚಿಕ್ಕವು. ಯಾರು ಮುಖ್ಯರೋ ಅವರು ದೊಡ್ಡವರು. ಸಣ್ಣ ಮಕ್ಕಳೂ ಅಪ್ಪನನ್ನು ಮನೆಗಿಂತ ಎತ್ತರವಾಗಿ ತೆಗೆಯುವುದು ಇದೇ ನ್ಯಾಯದಿಂದ. ಗಂಗವ್ವನಿಗೆ ಕೊಳ್ಳುವವನ ಹೆದರಿಕೆಯಾಗುವ ಪುಟದಲ್ಲಿ ಅವನ ಮೀಸೆಯೊಂದೇ ಅರ್ಧ ಪುಟ ತುಂಬಲಿ. ಅಲ್ಲಿ ತಲೆಯ ಲೆಕ್ಕವನ್ನು ಮರೆತುಬಿಡಿರಿ. ಹಾಗೆಂದು ನಮ್ಮತನ ಕಾಣಲಿ ಎಂದು ಮಲೆನಾಡಿನ ಹಸೆ ಚಿತ್ತಾರವನ್ನು ತಂದು ಹಾವೇರಿಯ ಗೋಡೆಗೆ ಅಂಟಿಸಬೇಡಿರಿ. ಪುಂಡಿನಾರಿನ ಕುಂಚದಿಂದ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆಯುವ ಆ ಹೆಂಗಸರ ಕೈ ಬೇರೆ, ಅವರ ಮನೆ ಬೇರೆ.

ಉತ್ತರ: ಅಚ್ಚುಮನೆ

ನಾನು ಚಿತ್ರಕಾರನಲ್ಲ, ಮೈಸೂರಿನಲ್ಲಿ ಪುಟವಿನ್ಯಾಸ ಮಾಡುವವನು. ಚಿತ್ರಕಾರರು ಪ್ರೀತಿಯಿಂದ ಬರೆದುಕೊಟ್ಟ ಚಿತ್ರದ ಮೇಲೆ ಅಕ್ಷರಗಳನ್ನು ಕೂರಿಸಲು ಜಾಗವಿಲ್ಲದೆ ಒದ್ದಾಡುವವರು ನಾವು, ಆದ್ದರಿಂದ ಈ ಮಾತು.

ಕನ್ನಡ ಬರಹಕ್ಕೆ ಜಾಗ ಧಾರಾಳವಾಗಿ ಬೇಕು. ಮೇಲೆ ಗುಣಿತದ ಚಿಹ್ನೆಗಳು, ಕೆಳಗೆ ಒತ್ತಕ್ಷರಗಳು ಇರುವುದರಿಂದ ಸಾಲುಗಳನ್ನು ಇಂಗ್ಲಿಷಿನಷ್ಟು ಹತ್ತಿರ ತರಲು ಆಗುವುದಿಲ್ಲ; "ಅಜ್ಜಿ ಬುಟ್ಟಿಯನ್ನು ಎತ್ತಿಕೊಂಡಳು" ಎಂಬ ಒಂದು ಸಾಲನ್ನೇ ನೋಡಿ, ಪ್ರತಿ ಪದದ ಕೆಳಗೂ ಒಂದು ಒತ್ತು ಜೋತುಬಿದ್ದಿದೆ. ಆಗತಾನೆ ಓದಲು ಕಲಿಯುತ್ತಿರುವ ಮಕ್ಕಳ ಪುಸ್ತಕಕ್ಕೆ ನಾನು 18 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬಳಸುವುದಿಲ್ಲ. ಆದ್ದರಿಂದ ಡಮ್ಮಿಯಲ್ಲಿಯೇ ಮಾತುಗಳನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ ಅಂಟಿಸಿಕೊಳ್ಳಿ. ಅಕ್ಷರದ ಹಿಂದೆ ಹುಲ್ಲು, ಎಲೆ, ಜನಸಂದಣಿ ಬೇಡ, ಆಕಾಶವೋ ಗೋಡೆಯೋ ಬಯಲೋ ಇರಲಿ.

ಅಕ್ಷರಗಳನ್ನು ಚಿತ್ರದೊಳಗೆ ಕೈಯಿಂದ ಬರೆಯಬೇಡಿ. ಒಂದೇ ಪುಸ್ತಕ ಹಲವು ಭಾಷೆಗಳಲ್ಲಿ ಬರುವಾಗ ಅಚ್ಚಿನ ನಾಲ್ಕು ಬಣ್ಣಗಳ ಪ್ಲೇಟುಗಳಲ್ಲಿ ಅಕ್ಷರಗಳಿರುವ ಕಪ್ಪಿನ ಪ್ಲೇಟನ್ನು ಮಾತ್ರ ಬದಲಿಸಿ ಉಳಿದ ಮೂರನ್ನು ಹಾಗೆಯೇ ಉಳಿಸಿಕೊಂಡು ಖರ್ಚು ತಗ್ಗಿಸುವುದುಂಟು. ಅಂಗಡಿಯ ಬೋರ್ಡಿನ ಮೇಲೆ ನೀವು ಕೆಂಪು ಬಣ್ಣದಲ್ಲಿ "ಚಹಾ" ಎಂದು ಬರೆದಿದ್ದರೆ, ಅಥವಾ ಕಡುನೀಲಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಕೇಳಿದರೆ, ಆ ಉಪಾಯ ಅಲ್ಲಿಗೇ ನಿಲ್ಲುತ್ತದೆ.

ಪುಟದ ಅಂಚಿನವರೆಗೆ ಬಣ್ಣ ಹೋಗಬೇಕಿದ್ದರೆ ಕತ್ತರಿಸುವ ಗೆರೆಯ ಆಚೆಗೂ ಕನಿಷ್ಠ 3 ಮಿಲಿಮೀಟರ್ ಬರೆಯಿರಿ. ಎರಡು ಪುಟ ಸೇರಿಸಿ ಬರೆದ ಚಿತ್ರದಲ್ಲಿ ಗಂಗವ್ವನ ಮುಖ ನಟ್ಟನಡುವೆ ಬಂದರೆ ಮಡಿಕೆಯೊಳಗೆ ಅವಳ ಮೂಗು ಕಳೆದುಹೋಗುತ್ತದೆ. ಕಾಗದದ ಮೇಲಿನ ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವವರಿದ್ದಾರೆ, ದಯವಿಟ್ಟು 300 ಡಿಪಿಐಗೆ (ಇಂಚಿಗೆ 300 ಚುಕ್ಕಿಗಳಿಗೆ) ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿಸಿ. ಪರದೆಯ ಮೇಲೆ ಥಳಥಳಿಸುವ ಗಿಳಿಹಸಿರು, ರಾಣಿ ಬಣ್ಣಗಳು ಅಚ್ಚಿನಲ್ಲಿ ಮಂಕಾಗುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪಿಗೆ ಅಷ್ಟು ತೊಂದರೆಯಿಲ್ಲ. ಅಂದಹಾಗೆ, ನಿಮ್ಮ ಸಂತೆಯಲ್ಲಿ ಮೆಣಸಿನಕಾಯಿಯ ರಾಶಿ ಬರುವುದಾದರೆ ಕೋಳಿಯನ್ನು ಕೆಂಪಾಗಿಸಬೇಡಿ, ಕರಿಯ ಕೋಳಿ ಮಾಡಿ. ಪ್ರತಿ ಪುಟದಲ್ಲಿಯೂ ಕಣ್ಣಿಗೆ ಅದು ತಟ್ಟನೆ ಸಿಗುತ್ತದೆ.

ಸಂತೆಕೋಳಿ

ಎಲ್ಲರಿಗೂ ಕೃತಜ್ಞತೆಗಳು. ಮಾಸ್ತರರೇ, ಕಳೆದ ಎರಡು ಸಂತೆಗಳಲ್ಲಿ ಹೋಗಿ ಕುಳಿತೆ. ಮೊದಲ ದಿನ ನಾಚಿಕೆಯಾಗಿ ಪುಸ್ತಕವನ್ನು ಕೈಚೀಲದಿಂದ ಹೊರಗೇ ತೆಗೆಯಲಿಲ್ಲ, ಎರಡನೆಯ ವಾರ ಕೋಳಿ ಮಾರುವ ಅಜ್ಜಿಯೊಬ್ಬರು "ನನ್ನ ಕೋಳಿಯ ಲೆಕ್ಕ ಬರಕೊಳ್ಳಾಕತ್ತೀಯೇನವ್ವ?" ಎಂದು ಕೇಳಿದ ಮೇಲೆ ಕೈ ಸಡಿಲವಾಯಿತು. ಅವರು ಹೇಳಿದಂತೆ ಆ ಪುಟ ಲೆಕ್ಕದ ಪುಸ್ತಕದ ಹಾಗೆಯೇ ಕಾಣುತ್ತಿದೆ: ಒಂದರ ಕೆಳಗೊಂದು ನಲವತ್ತು ಕಾಲುಗಳು.

ಇನ್ನೊಂದು ವಿಷಯ ಕೇಳಬೇಕಿದೆ. ಪುಸ್ತಕ ಮುಗಿದ ಮೇಲೆ ಪ್ರಕಾಶಕರಿಗೆ ಎಲ್ಲ ಚಿತ್ರಗಳನ್ನೂ ಪೂರ್ಣಗೊಳಿಸಿ ಕಳಿಸಬೇಕೇ? ಹಣ, ಹಕ್ಕು ಇವುಗಳ ಬಗ್ಗೆ ಏನು ಮಾತನಾಡಬೇಕು?

ಉತ್ತರ: ಬಿದಿರುಗೆರೆ

ಎಲ್ಲವನ್ನೂ ಪೂರ್ಣಗೊಳಿಸಬೇಡಿ. ಇಡೀ ಡಮ್ಮಿಯ ಪೆನ್ಸಿಲ್ ಪ್ರತಿ ಮತ್ತು ಬಣ್ಣ ತುಂಬಿದ ಎರಡು ಮೂರು ಪುಟಗಳು ಸಾಕು, ಏಕೆಂದರೆ ಸಂಪಾದಕರು ಕಥೆಯ ಒಂದು ತಿರುವನ್ನು ಬದಲಿಸಿದರೆ ಹತ್ತು ಚಿತ್ರಗಳು ಕೆಲಸಕ್ಕೆ ಬಾರದಂತಾಗುತ್ತವೆ. ಬರೆಯುವವರೂ ಚಿತ್ರ ಮಾಡುವವರೂ ನೀವೇ ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ತಿಳಿಸಿ. ಇಲ್ಲದಿದ್ದರೆ ಕಥೆಯನ್ನಷ್ಟೇ ತೆಗೆದುಕೊಂಡು ಚಿತ್ರಕ್ಕೆ ತಮ್ಮ ಪರಿಚಯದ ಕಲಾವಿದರನ್ನು ಹುಡುಕುವುದು ಪ್ರಕಾಶಕರ ರೂಢಿ.

ಹಕ್ಕಿನ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ಆರಂಭದ ದಿನಗಳಲ್ಲಿ ಒಂದು ಪುಸ್ತಕಕ್ಕೆ ಒಂದೇ ಗಂಟಾಗಿ ಹಣ ಪಡೆದು, ಕಾಗದಪತ್ರ ಏನೂ ಮಾಡಿಕೊಳ್ಳದೆ ಚಿತ್ರಗಳನ್ನು ಕೊಟ್ಟೆ. ಎರಡು ವರ್ಷಗಳ ನಂತರ ಅದೇ ಚಿತ್ರಗಳು ಬೇರೊಂದು ಭಾಷೆಯ ಪುಸ್ತಕದಲ್ಲಿ ನನ್ನ ಹೆಸರಿಲ್ಲದೆ ಕಂಡವು. 1957ರ ಕೃತಿಸ್ವಾಮ್ಯ ಕಾಯಿದೆಯನ್ನು ಓದಿದ್ದು ಆಮೇಲೆ. ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆಂಬ ಮಾತು ಅದರ 17ನೆಯ ಕಲಮಿನಲ್ಲಿದೆ. ಆದ್ದರಿಂದ ಹಕ್ಕು ಚಿತ್ರಕಾರರದ್ದೆಂದು ಕೆಲಸ ಆರಂಭಿಸುವ ಮೊದಲೇ ಬರಹದಲ್ಲಿ ಇರಬೇಕು. ಹಕ್ಕನ್ನು ವರ್ಗಾಯಿಸುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದು 19ನೆಯ ಕಲಮು ಹೇಳುತ್ತದೆ. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ 57ನೆಯ ಕಲಮಿನ ಪ್ರಕಾರ ಬರೆದವರ ಬಳಿಯೇ ಉಳಿಯುತ್ತದೆ. ನಿಮ್ಮ ಹೆಸರು ಮುಖಪುಟದಲ್ಲಿ ಇರಬೇಕೆಂದೂ, ಮೂಲ ಚಿತ್ರಗಳು ನಿಮಗೆ ಮರಳಬೇಕೆಂದೂ ಬರೆಸಿಕೊಳ್ಳಿ.

ಅಭ್ಯಾಸಕ್ಕೆಂದು ಬೇರೆಯವರ ಕಥೆ ಬೇಕಿದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಬೇಕಾದಷ್ಟಿವೆ. ಅಲ್ಲಿಯ ಮುಕ್ತ ಪರವಾನಗಿಯಡಿ, ಹೆಸರು ಸೂಚಿಸಿ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಅಂದರೆ ಅಲ್ಲಿ ನೀವು ಏರಿಸಿದ ಚಿತ್ರಕ್ಕೂ ಅದೇ ನಿಯಮ ಅನ್ವಯಿಸುತ್ತದೆ, ಗಂಗವ್ವನನ್ನು ಅಲ್ಲಿಗೆ ಕಳಿಸುವ ಮೊದಲು ಯೋಚಿಸಿ.

ಸಂತೆಕೋಳಿ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. 24 ಪುಟಗಳ ಡಮ್ಮಿ ಮುಗಿದಿದೆ. ಪೆನ್ಸಿಲ್ ಚಿತ್ರಗಳ ಸ್ಕ್ಯಾನ್ ಪ್ರತಿಯನ್ನು ಇಲ್ಲಿ ಲಗತ್ತಿಸಿದ್ದೇನೆ. ಗಂಗವ್ವನ ಒಂದು ಜಡೆಯ ಟೇಪು ಎಲ್ಲ ಪುಟಗಳಲ್ಲಿಯೂ ಬಿಚ್ಚಿಕೊಂಡಿದೆ, ಮೀಸೆಯವನು ಹತ್ತನೆಯ ಪುಟವನ್ನು ಪೂರ್ತಿ ಆಕ್ರಮಿಸಿದ್ದಾನೆ, ಕೋಳಿ ಕಪ್ಪಾಗಿದೆ. ಮಗ ಈ ಸಲ "ಇವಳು ಯಾರು?" ಎಂದು ಕೇಳಲಿಲ್ಲ. ಹದಿನಾಲ್ಕನೆಯ ಪುಟದಲ್ಲಿ ಕೋಳಿ ಮೆಣಸಿನಕಾಯಿ ಚೀಲಗಳ ಹಿಂದೆ ಅಡಗಿ ಬಾಲವನ್ನಷ್ಟೇ ತೋರಿಸುತ್ತದೆ. ಅದನ್ನು ಅಜ್ಜಿಗೆ ಹೇಳಿಕೊಡಬಾರದೆಂದು ಅವನು ಆ ಜಾಗದ ಮೇಲೆ ಅಂಗೈ ಮುಚ್ಚಿ ಹಿಡಿದು ಮುಂದಿನ ಪುಟ ಓದಿಸಿದ. ತಪ್ಪುಗಳಿದ್ದರೆ ಬಣ್ಣ ಹಾಕುವ ಮೊದಲು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಡ್ರಾಯಿಂಗ್ ಮಾಸ್ತರ, ಧಾರವಾಡ

ನೋಡಿದೆ, ಎರಡು ಸಲ ನೋಡಿದೆ. ಏಳನೆಯ ಪುಟದಲ್ಲಿ ಕೋಳಿಯ ಎಡಗಾಲಿಗೆ ಹಿಂದಿನ ಬೆರಳು ಬಿಟ್ಟುಹೋಗಿದೆ. ಅಷ್ಟು ಸರಿಪಡಿಸಿ ಬಣ್ಣ ಹಚ್ಚಿರಿ.